ಎರೆಹುಳು ಅಂಗಡಿಯ ಲಾರ್ಡ್

ಎರೆಹುಳು ಮಾರುವವನನ್ನು ಹಿಡಿದು, ಪ್ರೇಮಕಾದಂಬರಿಯ ನಾಯಕ ನೀನೇ ಅಲ್ಲವೇ ಎಂದು ಯಾರಾದರೂ ಕೇಳಿದರೆ, ಮೊಟ್ಟಮೊದಲು ನಗಬೇಕಾದವನು ಅವನೇ. ಆರ್ಲೆನ್ ಟಾಲೆಫ್ಸನ್ ನಗಲಿಲ್ಲ. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಮಿನ್ನೆಸೋಟಾದ ಲಿಟ್ಲ್ ಪೈಕ್ ಎಂಬ ನಮ್ಮೂರಿನ ಕೆರೆದಂಡೆಯಲ್ಲಿ ಆರ್ಲೆನ್‌ನ ಅಂಗಡಿ. ಗಾಳ, ದಾರ, ಎರೆಹುಳು, ಜಿಗಣೆ, ತೊಟ್ಟಿಯಲ್ಲಿ ಓಡಾಡುವ ಮರಿಮೀನು, ಇಷ್ಟು ಅವನ ವ್ಯಾಪಾರ. ಅರವತ್ತರ ಹತ್ತಿರದ ಮನುಷ್ಯ. ಅಗಲವಾದ ಹಿಂಭಾಗ, ಕೊಂಚ ಬಾಗಿದ ಬೆನ್ನು, ಗಲ್ಲದ ಮೇಲೆ ಸದಾ ಬೆಳ್ಳಗೆ ಮೂಡಿಕೊಂಡಿರುವ ಕುರುಚಲು ಗಡ್ಡ. ಗಲ್ಲಾದ ಪಕ್ಕ ಶುಂಠಿ ಬಿಸ್ಕತ್ತಿನ ಡಬ್ಬಿ ಇಟ್ಟಿರುತ್ತಾನೆ, ಗಿರಾಕಿಗಳಿಗೆಂದು. ಗಿರಾಕಿಗಳು ಮುಟ್ಟುವಷ್ಟರಲ್ಲಿ ಅವನೇ ಅದನ್ನು ಖಾಲಿ ಮಾಡಿರುತ್ತಾನೆ. ಈ ಭೂಮಿಯ ಮೇಲೆ ಅವನು ಹೆದರುವುದು ಹೆಬ್ಬಾತುಗಳಿಗೆ ಮಾತ್ರ. ಚಿಕ್ಕಂದಿನಲ್ಲಿ ಒಂದು ಹೆಬ್ಬಾತು ಅವನನ್ನು ಸ್ಕೂಲಿನ ತನಕ ಅಟ್ಟಿಕೊಂಡು ಹೋಗಿತ್ತು, ಇಡೀ ತರಗತಿ ಕಿಟಕಿಯಿಂದ ನೋಡಿತ್ತು.

ಅವನ ಹೆಂಡತಿ ಮಾರ್ಲಿಸ್‌ಳದು ಮಾತ್ರ ದೊಡ್ಡ ಹೆಸರು. ಆ ಹೆಸರು ಅವಳದಲ್ಲ ಅನ್ನುವುದು ಬೇರೆ ಮಾತು. ಮಾರ್ಲಿಸ್ ಟಾಲೆಫ್ಸನ್ ಎಂಬವಳು ಬರೆದ ಪ್ರಣಯವನ್ನು ಯಾರು ಓದುತ್ತಾರೆ ಎಂದು ಯೋಚಿಸಿ, ಹೆದ್ದಾರಿಯಲ್ಲಿ ಪಕ್ಕದ ಸೇಂಟ್ ಕ್ಲೌಡ್ ಪಟ್ಟಣಕ್ಕೆ ದಾರಿ ತೋರಿಸುವ ಹಲಗೆ ನೋಡಿ, ವಿವಿಯೆನ್ ಸೇಂಟ್ ಕ್ಲೌಡ್ ಎಂದು ಇಟ್ಟುಕೊಂಡಳು. ನ್ಯೂಯಾರ್ಕಿನ ಪ್ರಕಾಶಕರು ಇವಳು ಯಾವುದೋ ಫ್ರೆಂಚ್ ಮನೆತನದವಳಿರಬೇಕು ಎಂದುಕೊಂಡರು. ನಾವು ತಿದ್ದಲು ಹೋಗಲಿಲ್ಲ.

ಅವಳ ಕಾದಂಬರಿಗಳೆಲ್ಲ ನಡೆಯುವುದು ಸ್ಕಾಟ್‌ಲೆಂಡಿನ ಒಂದೇ ಕಣಿವೆಯಲ್ಲಿ. ಪುಸ್ತಕಕ್ಕೊಬ್ಬ ಹೊಸ ಲಾರ್ಡ್ ಬರುತ್ತಾನೆ. ಅವನಿಗೆ ಚೂಪಾದ ದವಡೆ, ಯಾರಿಗೂ ಹೇಳಲಾಗದ ದುಃಖ, ಎಷ್ಟು ಸಲ ಹಾಕಿದರೂ ನಿಲ್ಲದ ಅಂಗಿ ಗುಂಡಿ. ನಮ್ಮೂರ ಹೆಂಗಸರು ಈ ಪುಸ್ತಕಗಳನ್ನು ಬೈಬಲ್ಲಿನಷ್ಟೇ ಶ್ರದ್ಧೆಯಿಂದ, ಅದಕ್ಕಿಂತ ಬೇಗ ಓದಿ ಮುಗಿಸುತ್ತಾರೆ. ಆರ್ಲೆನ್ ಒಂದನ್ನೂ ಓದಿರಲಿಲ್ಲ. ಮೊದಲ ಪುಸ್ತಕ ತೆರೆದಿದ್ದನಂತೆ; ಶುರುವಿನಲ್ಲೇ ಒಂದು ಸರೋವರ ಬಂತು, ಯಾರಾದರೂ ಗಾಳ ಹಾಕುತ್ತಾರೇನೋ ಎಂದು ಕಾದ, ಯಾರೂ ಹಾಕಲಿಲ್ಲ, ಮುಚ್ಚಿಟ್ಟ.

ಇನ್ನು ನಮ್ಮೂರಿನ ಮಾತಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಇಲ್ಲಿ ಯಾರೂ ಬಾಯಿಬಿಟ್ಟು ಹೊಗಳುವುದಿಲ್ಲ, ಹೊಗಳಿಕೊಳ್ಳುವುದಂತೂ ಇಲ್ಲವೇ ಇಲ್ಲ. ಗಂಡ ಸಾಯುವಷ್ಟು ದುಡಿದು ಮನೆ ಕಟ್ಟಿಸಿದರೆ ಹೆಂಡತಿ 'ಪರವಾಗಿಲ್ಲ' ಎನ್ನುತ್ತಾಳೆ, ಅವನು ಆ ಮಾತು ನೆನೆದು ಗ್ಯಾರೇಜಿಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾನೆ. ನೀನೇನಾ ಅದು ಎಂದು ಕೇಳಿದಾಗ ಒಬ್ಬ 'ಅದೆಲ್ಲ ನಾನು ಹೇಗೆ ಹೇಳ್ಲಿ' ಎಂದನೋ, ಅದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಒಪ್ಪಿಕೊಂಡಂತೆಯೇ ಸರಿ.

ಡೆಲೋರಿಸ್ ಬಾಕೆನ್ ಒಂದು ಬೆಳಿಗ್ಗೆ ಗಂಡನಿಗೆಂದು ಎರೆಹುಳು ಕೊಳ್ಳಲು ಬಂದಳು. ಚರ್ಚಿನ ಅಡುಗೆಮನೆ ಇವಳ ರಾಜ್ಯ; ಪಾದ್ರಿಗಳು ಬದಲಾಗುತ್ತಾರೆ, ಡೆಲೋರಿಸ್ ಬದಲಾಗುವುದಿಲ್ಲ. ಅವಳು ಮಾರ್ಲಿಸ್‌ಳ ಹೊಸ ಪುಸ್ತಕ ಓದಿ ಮುಗಿಸಿದ ಗುಂಗಿನಲ್ಲಿದ್ದಳು. ಹುಳುವಿನ ಡಬ್ಬಿ ಕೈಗೆ ತೆಗೆದುಕೊಂಡು, ಆರ್ಲೆನ್‌ನನ್ನು ಮೇಲಿನಿಂದ ಕೆಳಗೆ ನೋಡಿ, "ಆ ಲಾರ್ಡ್ ರೇಫ್ ಇದಾನಲ್ಲ, ಅವನು ನೀನೇನಾ?" ಎಂದಳು. ತಮಾಷೆಗೇ ಕೇಳಿದ್ದು.

ಆರ್ಲೆನ್‌ನ ಮುಖ ಕೆಂಪಾಯಿತು. ಮರಿಮೀನಿನ ತೊಟ್ಟಿಯ ಕಡೆ ತಿರುಗಿ ಬಲೆ ಆಡಿಸುತ್ತ, "ಅದೆಲ್ಲ ನಾನು ಹೇಗೆ ಹೇಳ್ಲಿ" ಎಂದ.

ಡೆಲೋರಿಸ್‌ಳ ಕೈಯಿಂದ ಎರೆಹುಳು ಡಬ್ಬಿ ಜಾರಿತು.

ಪಾಪ, ಅವನು ಸುಳ್ಳು ಹೇಳಲಿಲ್ಲ. ಅವನಿಗೆ ನಿಜವಾಗಿಯೂ ಹಾಗೆ ಅನಿಸಿತ್ತು, ಅದಕ್ಕೆ ಕಾರಣವೂ ಇತ್ತು. ಮಾರ್ಲಿಸ್ ಬರೆಯುವುದು ಅಡುಗೆಮನೆಯ ಪಕ್ಕದ ಹೊಲಿಗೆ ಕೋಣೆಯಲ್ಲಿ. ಎಲ್ಲಾದರೂ ಸಿಕ್ಕಿಕೊಂಡರೆ "ಆರ್ಲೆನ್, ಬಾ ಇಲ್ಲಿ" ಎಂದು ಕರೆಯುತ್ತಾಳೆ. ಇವನು ಮಾಡುತ್ತಿದ್ದ ಕೆಲಸ ಬಿಟ್ಟು ಹೋಗುತ್ತಾನೆ. ಬಾಗಿಲಲ್ಲಿ ನಿಲ್ಲು, ಮಾತಾಡಬೇಡ, ತಲೆ ತಗ್ಗಿಸು, ಈಗ ಮೂಗಲ್ಲಿ ಜೋರಾಗಿ ಉಸಿರು ಬಿಡು ಎನ್ನುತ್ತಾಳೆ. ಬಿಡುತ್ತಾನೆ. ಒಂದು ಕಾಲು ನೆಲಕ್ಕೆ ಬಡಿ ಎನ್ನುತ್ತಾಳೆ. ಬಡಿಯುತ್ತಾನೆ. ಕೆಲವು ಸಲ ಅವನ ಕುತ್ತಿಗೆಗೆ ಹಣೆ ಒತ್ತಿ ಸುಮ್ಮನೆ ನಿಂತುಬಿಡುತ್ತಾಳೆ. ಒಮ್ಮೆ ಅಂಗೈ ಮೇಲೆ ಸೇಬಿನ ಹೋಳಿಟ್ಟು, ಕೈ ಹಚ್ಚದೆ ತಿನ್ನು ಎಂದಳು. ತಿಂದ. ಅಂಗೈಗೆ ಅವನ ತುಟಿ ತಾಗಿ ಕಚಗುಳಿಯಾಗಿ, ನಗುತ್ತ ಓಡಿಹೋಗಿ ಟೈಪ್ ಮಾಡತೊಡಗಿದಳು. ಇದನ್ನು ಪ್ರಣಯ ಅನ್ನದೆ ಇನ್ನೇನು ಅನ್ನಬೇಕು, ನೀವೇ ಹೇಳಿ.

ಅದೂ ಅಲ್ಲದೆ, ಆ ವಸಂತದಲ್ಲಿ ಮಾರ್ಲಿಸ್‌ಳ ಪ್ರೀತಿ ಉಕ್ಕಿ ಹರಿಯುತ್ತಿತ್ತು. ಊಟಕ್ಕೆ ಕೂತಾಗ ಅವನನ್ನೇ ನೋಡುತ್ತ ಕಣ್ಣು ತುಂಬಿಕೊಳ್ಳುತ್ತಿದ್ದಳು. ಬೆಳಗಿನ ಬೇಕನ್ ನಿಂತು ಓಟ್ಸ್ ಗಂಜಿ ಬಂತು. ಯಾವ ಕಾಯಿಲೆಯೂ ಇಲ್ಲದವನನ್ನು ಡಾಕ್ಟರ ಹತ್ತಿರ ಕಳಿಸಿ, ಹೃದಯ, ರಕ್ತ, ಮಂಡಿ ಎಲ್ಲ ನೋಡಿಸಿಕೊಂಡು ಬಾ ಎಂದಳು. ಹೊಲಿಗೆ ಕೋಣೆಯಿಂದ ಟೈಪ್ ಮಾಡುವ ಸದ್ದೇ ಇರಲಿಲ್ಲ. ತನ್ನ ಮೇಲಿನ ಮೋಹದಿಂದ ಇವಳಿಗೆ ಬರೆಯಲೂ ಆಗುತ್ತಿಲ್ಲವೇನೋ ಎಂದು ಆರ್ಲೆನ್ ಒಳಗೊಳಗೇ ಹಿಗ್ಗಿದ. ಇಷ್ಟು ವರ್ಷದ ಮೇಲೆ ಹೆಂಡತಿ ತನ್ನನ್ನು ಹಾಗೆ ನೋಡುತ್ತಾಳೆ ಅನ್ನುವುದೇ ಅವನಿಗೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಹೆಂಡತಿಯನ್ನು ಕೇಳಿ ನೋಡಬಹುದಿತ್ತು, ಆದರೆ ನಮ್ಮೂರಲ್ಲಿ ಅಂಥದ್ದನ್ನು ಕೇಳುವುದಿಲ್ಲ.

ಡೆಲೋರಿಸ್ ಮನೆಗೆ ಹೋಗುವ ದಾರಿಯಲ್ಲೇ ಸುದ್ದಿ ಊರೆಲ್ಲ ಮುಟ್ಟಿತ್ತು. ಅಲ್ಲಿಯತನಕ ಮೀನು ಹಿಡಿಯದ ಹೆಂಗಸರೆಲ್ಲ ಗಾಳ ಕೊಳ್ಳಲು ಬರತೊಡಗಿದರು. ಒಬ್ಬಳು ಜಿಗಣೆ ಕೇಳಿ, ಅದನ್ನು ಹಿಡಿಯುವುದು ಹೇಗೆಂದು ತೋರಿಸಿಕೊಡು ಎಂದು ಕೈ ಚಾಚಿದಳು. ಆರ್ಲೆನ್ ಕ್ರಮೇಣ ಬದಲಾದ. ಕುರುಚಲು ಗಡ್ಡ ಹೋಯಿತು. ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತು, ಆಮೇಲೆ ಅದರ ಕೆಳಗಿನದು. ಜೂನ್ ತಿಂಗಳ ಮಿನ್ನೆಸೋಟಾದಲ್ಲಿ ಎದೆ ತೆರೆದು ಕೂರುವುದೆಂದರೆ ಸೊಳ್ಳೆಗಳಿಗೆ ಎಲೆ ಹಾಕಿ ಬಡಿಸಿದಂತೆ. ಲಾರ್ಡ್ ಆದವನು ಸೊಳ್ಳೆ ಹೊಡೆಯುವ ಹಾಗಿಲ್ಲವಲ್ಲ. ಹಲ್ಲು ಕಚ್ಚಿಕೊಂಡು ದೂರ ನೋಡುತ್ತಿದ್ದ. ಯಾರಿಗೂ ಹೇಳಲಾಗದ ದುಃಖ ಅಂದರೆ ಇದೇ ಇರಬೇಕು ಎಂದು ಹೆಂಗಸರು ಪಿಸುಗುಟ್ಟಿಕೊಂಡರು.

ಗಂಡಸರಿಗೆ ಪಜೀತಿಯಾಯಿತು. ಡೆಲೋರಿಸ್‌ಳ ಗಂಡ ಲೈಲ್ ಹೈನುಗಾರಿಕೆಯವನು, ಆರ್ಲೆನ್‌ನ ಬಾಲ್ಯದ ಗೆಳೆಯ, ದಿನಕ್ಕೆ ನಾಲ್ಕು ಮಾತಾಡಿದರೆ ಅವತ್ತು ಹಬ್ಬ. ಅಂಥವನು ಕೆಫೆಯಲ್ಲಿ ಆರ್ಲೆನ್‌ನ ಪಕ್ಕ ಬಂದು ಕೂತ.

"ಏನೋ ಮಾರಾಯ, ನಿನ್ನಿಂದ ನಂಗೆ ಊಟ ಸರಿಯಾಗಿ ಸಿಗ್ತಿಲ್ಲ" ಎಂದ. "ಹಾಲು ಕರೆದು ಒಳಗೆ ಬಂದ್ರೆ ಬಾಗಿಲಲ್ಲೇ ತಡೀತಾಳೆ. ಸ್ವಲ್ಪ ಅಲ್ಲೇ ನಿಂತ್ಕೊಂಡು ನೋಡು ಅಂತಾಳೆ. ಏನು ನೋಡ್ಬೇಕು ಅಂತ ಹೇಳಲ್ಲ."

ಆರ್ಲೆನ್ ದೊಡ್ಡ ಮನಸ್ಸು ಮಾಡಿ, ತಲೆ ತಗ್ಗಿಸಿ ಮೂಗಿನಲ್ಲಿ ಜೋರಾಗಿ ಉಸಿರು ಬಿಡಬೇಕೆಂದೂ ಒಂದು ಕಾಲು ನೆಲಕ್ಕೆ ಬಡಿಯಬೇಕೆಂದೂ ಹೇಳಿಕೊಟ್ಟ. ಲೈಲ್ ಅಂದು ಸಂಜೆಯೇ ಪ್ರಯೋಗಿಸಿದ. ನೆಗಡಿಯೇ ಎಂದು ಕೇಳಿ ಡೆಲೋರಿಸ್ ಅವನ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇರಿಸಿದಳಂತೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಬೇಸಿಗೆಯಲ್ಲಿ ಊರ ಪೈಕ್ ಮೀನಿನ ಹಬ್ಬ ಇತ್ತು. ಆ ಸಲದ ಮುಖ್ಯ ಅತಿಥಿ ಮಾರ್ಲಿಸ್. ನ್ಯೂಯಾರ್ಕಿನಿಂದ ಅವಳ ಸಂಪಾದಕಿ ಕೊರಾ ವಿನ್‌ಸ್ಲೋ ಕೂಡ ಬರುವವಳಿದ್ದಳು. ಮೆರವಣಿಗೆಯ ಉಸ್ತುವಾರಿ ಡೆಲೋರಿಸ್‌ಳದು. ಲಾರ್ಡ್ ರೇಫ್ ಕುದುರೆಯೇರಿ ಮೆರವಣಿಗೆಯ ಮುಂದೆ ಬರಬೇಕು, ಮಾರ್ಲಿಸ್‌ಗೆ ತಿಳಿಯಬಾರದು, ಅಚ್ಚರಿಯಾಗಬೇಕು ಎಂದು ಅವಳು ಅಪ್ಪಣೆ ಮಾಡಿದಳು. ಆರ್ಲೆನ್ ಹುಟ್ಟಿದಾರಭ್ಯ ಕುದುರೆ ಹತ್ತಿದವನಲ್ಲ. ನಿನಗೆ ಸವಾರಿ ಬರುತ್ತದಲ್ಲವೇ ಎಂದು ಅವಳು ಕೇಳಿದಾಗ ಮತ್ತೆ ಅದೇ ಮಾತು ಬಾಯಿಗೆ ಬಂತು. ಅವನ ಗ್ರಹಚಾರ.

ಲೈಲ್‌ನ ಹಟ್ಟಿಯಲ್ಲಿ ಪೆಟೂನಿಯಾ ಎಂಬ ಮುದಿ ಹೆಣ್ಣು ಕುದುರೆ ಇತ್ತು. ಹಬ್ಬದ ದಿನ ನಾಲ್ಕು ಜನ ಸೇರಿ ಆರ್ಲೆನ್‌ನನ್ನು ಅದರ ಮೇಲೆ ಎತ್ತಿ ಇಟ್ಟರು. ಚರ್ಚಿನ ಗಾಯಕವೃಂದದ ಕಪ್ಪು ನಿಲುವಂಗಿಯೇ ಅವನ ಮೇಲಂಗಿ. ಸೊಳ್ಳೆ ಕಚ್ಚಿ ಕಚ್ಚಿ ಕೆಂಪಾದ ಎದೆ ಬಿಸಿಲಿಗೆ ಹೊಳೆಯಿತು. ಬ್ಯಾಂಡ್ ಶುರುವಾಯಿತು, ಪೆಟೂನಿಯಾ ನಿದ್ದೆಗಣ್ಣಿನಲ್ಲಿ ಹೊರಟಿತು, ಜನ ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ ಸಂಪಾದಕಿಯ ಪಕ್ಕ ಕೂತಿದ್ದ ಮಾರ್ಲಿಸ್ ಗಂಡನನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಅವಳು ಬೆರಗಾದಳು ಎಂದು ಆರ್ಲೆನ್ ಎದೆಯುಬ್ಬಿಸಿದ.

ಅಷ್ಟು ಹೊತ್ತಿಗೆ ಕೆರೆಯ ಕಡೆಯಿಂದ ಹೆಬ್ಬಾತುಗಳ ಸಂಸಾರವೊಂದು ರಸ್ತೆ ದಾಟಲು ಬಂತು.

ಯಜಮಾನ ಹೆಬ್ಬಾತು ಕತ್ತು ಚಾಚಿ ಬುಸ್ಸೆಂದಿತು. ಆರ್ಲೆನ್ "ಅಯ್ಯೋ" ಎಂದು ಕುದುರೆಯ ಕುತ್ತಿಗೆ ತಬ್ಬಿದ. ಪೆಟೂನಿಯಾಗೂ ಹೆಬ್ಬಾತು ಕಂಡರೆ ಆಗದು ಎಂಬುದು ಲೈಲ್‌ಗೆ ಗೊತ್ತಿತ್ತು, ಆದರೆ ಅವನನ್ನು ಯಾರೂ ಕೇಳಿರಲಿಲ್ಲ. ಕುದುರೆ ಗಕ್ಕನೆ ತಿರುಗಿ, ಬ್ಯಾಂಡನ್ನು ಸೀಳಿಕೊಂಡು, ಚರ್ಚಿನ ಹೆಂಗಸರ ಡೇರೆಯೊಳಗೆ ನುಗ್ಗಿ, ರೂಬಾರ್ಬ್ ಎಂಬ ಹುಳಿದಂಟಿನ ಸಿಹಿ ಪೈಗಳ ಮೇಜಿನ ಮುಂದೆ ನಿಂತಿತು. ಆರ್ಲೆನ್ ಪಕ್ಕಕ್ಕೆ ಜಾರಿ ಇಳಿದ. ಹೆದರಿಕೆಯಾದರೆ ಏನಾದರೂ ತಿನ್ನುವುದು ಅವನ ಅಭ್ಯಾಸ. ಕುದುರೆಯದೂ ಅದೇ ಇದ್ದಂತಿತ್ತು. ಜನ ಓಡಿಬಂದು ನೋಡಿದರೆ, ಇಬ್ಬರೂ ಪಕ್ಕಪಕ್ಕ ನಿಂತು, ತಲೆ ತಗ್ಗಿಸಿ, ಕಣ್ಣಂಚಿನಲ್ಲಿ ಬಾಗಿಲ ಕಡೆ ಹೆಬ್ಬಾತು ಬಂತೇ ಎಂದು ನೋಡುತ್ತ, ಒಂದೇ ಲಯದಲ್ಲಿ ಪೈ ಮೆಲ್ಲುತ್ತಿದ್ದರು. ಮಾರ್ಲಿಸ್ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಯಾರಿಗೂ ತಿಳಿಯಲಿಲ್ಲ.

ಮೆರವಣಿಗೆಯಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ತಿಂಡಿ, ಲೇಖಕಿಯೊಂದಿಗೆ ಮಾತುಕತೆ. ಆರ್ಲೆನ್ ಗಲ್ಲಕ್ಕೆ ಅಂಟಿದ ಪೈ ಒರೆಸಿಕೊಂಡು ಮೆಟ್ಟಿಲ ಬಾಗಿಲ ಬಳಿ ನಿಂತಿದ್ದ. ಆದದ್ದಾಯಿತು, ಈಗ ಹೆಂಡತಿ ನಾಲ್ಕು ಜನರ ಮುಂದೆ ತನ್ನ ಹೆಸರು ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದ.

ಡೆಲೋರಿಸ್ ಮೈಕು ಹಿಡಿದಳು. "ಮಾರ್ಲಿಸ್, ನಿನ್ನ ನಾಯಕ ಯಾರು ಅಂತ ನಮಗೆಲ್ಲ ಗೊತ್ತು ಬಿಡು. ಆದ್ರೂ ನಿನ್ನ ಬಾಯಲ್ಲಿ ಒಂದ್ಸಲ ಬರ್ಲಿ."

ಮಾರ್ಲಿಸ್‌ಗೆ ಅರ್ಥವಾಗಲಿಲ್ಲ. "ನಾಯಕನಾ? ಅವನು ಯಾರೂ ಅಲ್ಲ. ಹಲ್ಲಿನ ಡಾಕ್ಟರ ಹತ್ರ ಹಳೇ ಪತ್ರಿಕೆ ಬಿದ್ದಿರತ್ತಲ್ಲ, ಅದರಲ್ಲಿ ಅಂಗಿ ಜಾಹೀರಾತು ಬರತ್ತೆ. ಒಬ್ಬನ ದವಡೆ, ಇನ್ನೊಬ್ಬನ ಕೂದಲು. ಪ್ರತೀ ಪುಸ್ತಕಕ್ಕೂ ಹೊಸದಾಗಿ ಜೋಡಿಸ್ತೀನಿ" ಎಂದಳು.

ಸಭೆ ಕಾಫಿ ಕಲಕುವುದನ್ನು ನಿಲ್ಲಿಸಿತು.  ಆರ್ಲೆನ್‌ನ ಕೈ ತಾನಾಗಿ ಹೋಗಿ ಅಂಗಿಯ ಗುಂಡಿ ಹಾಕಿಕೊಂಡಿತು.

"ಹಾಗಾದ್ರೆ ನಿಜವಾಗಿ ಇರೋರ್ನ ನೋಡಿ ಬರೆದದ್ದು ಒಂದೂ ಇಲ್ವಾ?" ಎಂದು ಡೆಲೋರಿಸ್ ಬಿಡದೆ ಕೇಳಿದಳು.

ಮಾರ್ಲಿಸ್ ಚರ್ಚಿನೊಳಗೆ ಸುಳ್ಳು ಹೇಳುವವಳಲ್ಲ. ಕೈಯಲ್ಲಿದ್ದ ಕರವಸ್ತ್ರ ಹಿಂಡಿದಳು. "ಒಂದಿದೆ" ಎಂದಳು. "ಕುದುರೆ."

ಬಾರ್ನಬಿ ಅನ್ನುವುದು ಆ ಕುದುರೆಯ ಹೆಸರು. ಲಾರ್ಡ್‌ಗಳು ಬಂದು ಹೋದರೂ ಬಾರ್ನಬಿ ಮೊದಲ ಪುಸ್ತಕದಿಂದ ಇವತ್ತಿನವರೆಗೆ ಅದೇ ಲಾಯದಲ್ಲಿದೆ. ಅಗಲವಾದ ಹಿಂಭಾಗ, ಬಾಗಿದ ಬೆನ್ನು, ನರೆತ ಮೂತಿ, ಶುಂಠಿ ಬಿಸ್ಕತ್ತಿಗೆ ಪ್ರಾಣ ಬಿಡುತ್ತದೆ, ಹೆಬ್ಬಾತು ಕಂಡರೆ ಪ್ರಾಣ ಹೋಗುತ್ತದೆ. ಎಲ್ಲ ಪುಸ್ತಕಗಳನ್ನೂ ಓದಿದ್ದ ಹೆಂಗಸರು ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಮೆಟ್ಟಿಲ ಕಡೆ ನೋಡಿದರು.

"ಹೌದಲ್ಲ" ಎಂದಳು ಡೆಲೋರಿಸ್, ಮೈಕಿನಲ್ಲೇ.

ಆರ್ಲೆನ್ ಬಾಗಿಲು ತಳ್ಳಿ ಹೊರಟ. ಬಾಗಿಲು ಹಿಂದೆಯೇ ಮುಚ್ಚಿಕೊಂಡು ನಿಲುವಂಗಿಯನ್ನು ಕಚ್ಚಿ ಹಿಡಿಯಿತು. ಜಗ್ಗಿದರೆ ಹರಿಯುತ್ತದೆ, ಹರಿದರೆ ಗಾಯಕವೃಂದಕ್ಕೆ ಏನು ಹೇಳುವುದು. ಹಾಗಾಗಿ ಒಳಗಿನ ಮಾತೆಲ್ಲ ಅವನು ಕೇಳಲೇಬೇಕಾಯಿತು.

ಸಂಪಾದಕಿ ಕೊರಾ ವಿನ್‌ಸ್ಲೋ ಚೆನ್ನಾಗಿಯೇ ಮಾತಾಡಿದಳು. ಬಾರ್ನಬಿಯ ವಿಷಯ ಬಂದದ್ದು ಒಳ್ಳೆಯದಾಯಿತು, ಮುಂದಿನ ಪುಸ್ತಕದಲ್ಲಿ ಆ ಕುದುರೆ ಸಾಯುತ್ತದೆ, ಹಿಮದಲ್ಲಿ, ನಾಯಕಿಯ ತೊಡೆಯ ಮೇಲೆ ತಲೆಯಿಟ್ಟು. ದೇಶವೆಲ್ಲ ಅಳಬೇಕು, ಇದು ತನ್ನದೇ ಸಲಹೆ ಎಂದು ಹೆಮ್ಮೆಯಿಂದ ಹೇಳಿದಳು. 

ಎದ್ದು ನಿಂತವನು ಲೈಲ್. "ಅದು ಯಾಕೋ ಸರಿ ಕಾಣಲ್ಲಮ್ಮ" ಎಂದ.

ಬೇರೆ ಊರಲ್ಲಿ ಕಲ್ಲು ತೂರುತ್ತಾರಲ್ಲ, ನಮ್ಮೂರಲ್ಲಿ ಅದಕ್ಕೆ ಈ ಮಾತು. ಲೈಲ್ ಕೂರಲಿಲ್ಲ. ನಾಲ್ಕನೇ ಪುಸ್ತಕದಲ್ಲಿ ಪ್ರವಾಹ ಬಂದಾಗ ಹುಡುಗಿಯನ್ನು ದಡ ಸೇರಿಸಿದ್ದು ಯಾರು, ಲಾರ್ಡ್ ಎಲ್ಲಿದ್ದ, ಅವನು ಕೋಪ ಮಾಡಿಕೊಂಡು ಎಡಿನ್‌ಬರೊಗೆ ಹೋಗಿದ್ದ ಎಂದು ನಡುಗುವ ದನಿಯಲ್ಲಿ ಕೇಳಿದ. ಇವನು ಎಲ್ಲ ಪುಸ್ತಕಗಳನ್ನೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯಲು ಹಾಕುವ ಗುಡಿಸಲಲ್ಲಿ ಕದ್ದು ಕೂತು ಓದಿದ್ದಾನೆ ಅನ್ನುವುದು ಊರಿಗೆ ತಿಳಿದದ್ದು ಆಗಲೇ. ಡೆಲೋರಿಸ್ ಗಂಡನನ್ನು ಹೊಸಬನನ್ನು ನೋಡಿದಂತೆ ನೋಡಿದಳು. ಆಮೇಲೆ ನಿಧಾನವಾಗಿ ಹೋಗಿ, ಸಂಪಾದಕಿಯ ಮುಂದಿದ್ದ ಅರ್ಧ ಕುಡಿದ ಕಾಫಿ ಲೋಟವನ್ನೂ ತಿಂಡಿ ತಟ್ಟೆಯನ್ನೂ ಎತ್ತಿಕೊಂಡು ಒಳಗೆ ನಡೆದಳು. ಆ ಚರ್ಚು ಕಟ್ಟಿದಂದಿನಿಂದ ಯಾರ ಮುಂದಿನ ಕಾಫಿಯನ್ನೂ ಹಾಗೆ ಎತ್ತಿದ್ದಿಲ್ಲ.

ಯಾರೋ ಬಾಗಿಲು ತೆರೆದರು. ನಿಲುವಂಗಿ ಬಿಟ್ಟುಕೊಂಡಿತು. ಆರ್ಲೆನ್ ಅದನ್ನು ಎತ್ತಿ ಹಿಡಿದುಕೊಂಡು ಅಂಗಡಿಗೆ ಹೋಗಿ, ಮೀನಿನ ತೊಟ್ಟಿಗಳ ನಡುವೆ ಕೂತ. ಮನಸ್ಸಿಗೆ ಬಹಳ ನೋವಾಗಿತ್ತು. ಊರ ಮುಂದೆ ಮಾನ ಹೋದದ್ದು ಒಂದು ಕಡೆ. ಅಂಗೈ ಮೇಲಿನ ಆ ಸೇಬಿನ ಹೋಳು ನೆನಪಾಗಿ ಇನ್ನಷ್ಟು ನೋವಾಯಿತು.

ಮಾರ್ಲಿಸ್ ಬಂದು ಅವನ ಪಕ್ಕದ ಬಕೆಟ್ಟಿನ ಮೇಲೆ ಕೂತಳು. "ಕೋಪಾನಾ?" ಎಂದಳು.

"ಇಲ್ಲ" ಎಂದ. ನಿಲುವಂಗಿಯ ಅಂಚು ಎಳೆದುಕೊಳ್ಳುತ್ತ, "ಕುದುರೆ, ಮಾರ್ಲಿಸ್" ಎಂದ.

"ಹೂಂ."

"ಅದೂ ಮುದಿ ಕುದುರೆ."

"ಮೊದಲ್ನೇ ಪುಸ್ತಕದಲ್ಲಿ ಚಿಕ್ಕದೇ ಇತ್ತು" ಎಂದಳು ಮಾರ್ಲಿಸ್. "ನೋಡು, ಆ ಲಾರ್ಡ್‌ಗಳನ್ನ ಮದುವೆ ಆದ್ಮೇಲೆ ಏನು ಮಾಡ್ಬೇಕು ಅಂತ ನಂಗೆ ತೋಚಲ್ಲ. ಅದಕ್ಕೇ ಅಲ್ಲಿಗೆ ಪುಸ್ತಕ ಮುಗಿಸ್ತೀನಿ. ಆದ್ರೆ ನನ್ನ ಹುಡುಗೀರು ಅಳು ಬಂದಾಗ ಯಾರ ಹತ್ರ ಹೋಗ್ತಾರೆ? ಲಾಯಕ್ಕೆ. ಅವನು ಏನೂ ಕೇಳಲ್ಲ, ಬುದ್ಧಿ ಹೇಳಲ್ಲ. ಸುಮ್ನೆ ನಿಂತಿರ್ತಾನೆ, ಅವಳ ಅಳು ಮುಗಿಯೋ ತನಕ. ನಮ್ಮಮ್ಮ ಹೋದಾಗ ನೀನು ನಿಂತಿದ್ದೆಯಲ್ಲ, ಹಾಗೆ."

ಆರ್ಲೆನ್ ಮರಿಮೀನುಗಳನ್ನೇ ನೋಡುತ್ತಿದ್ದ.

"ಅವನನ್ನ ಸಾಯಿಸು ಅಂತ ಅವರು ಹೇಳಿದಾಗಿಂದ ನಾನು ಒಂದು ಸಾಲು ಬರ್ದಿಲ್ಲ" ಎಂದಳು.  "ಕೂತ್ರೆ ನಿನ್ನ ಮುಖ ಕಾಣತ್ತೆ."

"ಅದಕ್ಕೇನಾ ಓಟ್ಸು?"

"ಅದಕ್ಕೇ."

"ಡಾಕ್ಟರ ಹತ್ರ ಕಳ್ಸಿದ್ದು?"

"ಅದಕ್ಕೇ ಕಣೋ."

"ಡಾಕ್ಟ್ರು ಪರವಾಗಿಲ್ಲ ಅಂದ್ರು."

"ಹಾಗಾದ್ರೆ ಬಾರ್ನಬೀನೂ ಸಾಯಲ್ಲ" ಎಂದಳು ಮಾರ್ಲಿಸ್. "ಆಗ್ಲೇ ಆ ಕೊರಾಗೆ ಹೇಳ್ಬಿಟ್ಟು ಬಂದೆ. ಬೇಕಿದ್ರೆ ಲಾರ್ಡ್‌ನ ಸಾಯಿಸ್ತೀನಿ ಅಂತ. ಲಾರ್ಡ್‌ಗಳಿಗೇನು ಬರ."

ಆರ್ಲೆನ್ ತೊಟ್ಟಿಯ ನೀರಿನಲ್ಲಿ ಬಲೆ ಆಡಿಸಿದ. ಕೇಳಲೋ ಬೇಡವೋ ಎಂದು ತಡವರಿಸಿ, "ಆ ಕುದುರೆ ಹೇಗಿದೆ? ಅಂದ್ರೆ, ನಿಂಗೆ ಹೇಗನ್ಸತ್ತೆ?" ಎಂದ. ನಮ್ಮೂರಲ್ಲಿ ಯಾರೂ ಕೇಳದ ಪ್ರಶ್ನೆ ಅದು.

ಮಾರ್ಲಿಸ್ ಅವನ ಬಾಗಿದ ಬೆನ್ನನ್ನು, ಅಗಲವಾದ ಹಿಂಭಾಗವನ್ನು, ಆ ಮೈಗೆ ಸಾಲದ ಗಾಯಕವೃಂದದ ಅಂಗಿಯನ್ನು ನೋಡಿದಳು.

"ಪರವಾಗಿಲ್ಲ" ಎಂದಳು.

ಆರ್ಲೆನ್ ಥಟ್ಟನೆ ಎದ್ದು, ಗೋಡೆಯ ಕಡೆ ತಿರುಗಿ, ಗಾಳದ ದಾರದ ಉರುಳೆಗಳನ್ನು ಸರಿಮಾಡತೊಡಗಿದ. ಅವು ಸರಿಯಾಗಿಯೇ ಇದ್ದವು. ಮಾರ್ಲಿಸ್ ಎದ್ದುಬಂದು ಅವನ ಕುತ್ತಿಗೆಗೆ ಹಣೆ ಒತ್ತಿದಳು. ಈ ಸಲ ಅವನು ಹೇಳಿಸಿಕೊಳ್ಳದೆಯೇ ಮೂಗಿನಲ್ಲಿ ಜೋರಾಗಿ ಉಸಿರು ಬಿಟ್ಟ.

ಮರುದಿನ ಬೆಳಿಗ್ಗೆ ಹೊಲಿಗೆ ಕೋಣೆಯಲ್ಲಿ ಟೈಪ್ ಸದ್ದು ಶುರುವಾಯಿತು, ಬೇಕನ್ ತಟ್ಟೆಗೆ ವಾಪಸು ಬಂತು. ಆರ್ಲೆನ್ ಗಡ್ಡ ಬೋಳಿಸುವುದನ್ನು ಬಿಟ್ಟ, ಅಂಗಿಗೆ ಕತ್ತಿನ ತನಕ ಗುಂಡಿ ಹಾಕಿಕೊಂಡು ಅಂಗಡಿ ತೆರೆದ. ಸೊಳ್ಳೆಗಳಿಗೆ ನಿರಾಸೆಯಾಗಿರಬೇಕು.

ಮೊದಲ ಗಿರಾಕಿ ಡೆಲೋರಿಸ್. ಅವಳ ಹಿಂದೆ ಇನ್ನೂ ಹೆಂಗಸರಿದ್ದರು, ರಸ್ತೆಯ ತನಕ. ಯಾರಿಗೂ ಎರೆಹುಳು ಬೇಕಿರಲಿಲ್ಲ. ಡೆಲೋರಿಸ್ ಕೈಚೀಲದಿಂದ ಏನೋ ತೆಗೆದು, ಬೆರಳುಗಳನ್ನು ಮಡಿಸದೆ, ಅಂಗೈಯನ್ನು ಹಲಗೆಯಂತೆ ಚಪ್ಪಟೆ ಹಿಡಿದು ಗಲ್ಲಾದ ಮೇಲೆ ಚಾಚಿದಳು. ಅದರ ಮೇಲೆ ಮನೆಯಲ್ಲೇ ಸುಟ್ಟ, ಇನ್ನೂ ಬಿಸಿಯಾಗಿದ್ದ ಶುಂಠಿ ಬಿಸ್ಕತ್ತು.

"ಆರ್ಲೆನ್, ಆ ಬಾರ್ನಬಿ ನೀನೇನಾ?" ಎಂದಳು. ಅವಳ ಕಣ್ಣು ತುಂಬಿತ್ತು.

ಆರ್ಲೆನ್ ಬಾಗಿಲ ಹೊರಗೆ ಹೆಬ್ಬಾತುಗಳು ಇಲ್ಲವೆಂದು ಖಚಿತ ಮಾಡಿಕೊಂಡ.

"ಅದೆಲ್ಲ ನಾನು ಹೇಗೆ ಹೇಳ್ಲಿ" ಎಂದ. ಆಮೇಲೆ ತಲೆ ತಗ್ಗಿಸಿ, ಕೈ ಹಚ್ಚದೆ ತಿಂದ.